ತಳ ತಾಗುವ ಕಾರು

ಮದುವೆಯಾಗಿ ಪುಣೆಗೆ ಬಂದ ದಿನ, ಹೊಸ ಮನೆಯ ಗೇಟಿನ ಎದುರು ನನ್ನ ಗಂಡ ಕಾರು ನಿಲ್ಲಿಸಿ, "ಸ್ವಲ್ಪ ಇಳೀರಿ" ಅಂದರು. ಮನೆ ಬಂತೆಂದು ನಾನು ಇಳಿದೆ. ಹಿಂದಿನ ಸೀಟಿನಿಂದ ಅವರ ಮಗಳೂ ಇಳಿದು, ನನ್ನ ಕಡೆ ನೋಡದೆ ಮುಂದೆ ನಡೆದುಹೋದಳು. ಅವರು ಮಾತ್ರ ಇಳಿಯಲಿಲ್ಲ. ಗೇಟಿನ ಮುಂದಿದ್ದ ಎತ್ತರದ ರೋಡ್ ಹಂಪಿನ ಮುಂದೆ ಕಾರನ್ನು ಓರೆಯಾಗಿ ತಂದು, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ, ಆ ಕಡೆ ಹೋಗಿ ನಿಂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಾಂ, ಈಗ ಹತ್ತರಿ" ಅಂದರು.

ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ರಸ್ತೆ ಮಧ್ಯೆ ನಿಂತಿದ್ದ ನನಗೆ ಏನೂ ಅರ್ಥವಾಗಲಿಲ್ಲ. ವಾಚ್‌ಮನ್ ಸಮಾಧಾನ ಹೇಳುವವನಂತೆ, "ಗಾಡಿ ಖಾಲಿ ಘಾಸ್ತೆ, ವಹಿನಿ" ಅಂದ. ಖಾಲಿ ಅನ್ನುವುದೊಂದು ನನಗೆ ಗೊತ್ತಿದ್ದ ಮಾತು. ನಮ್ಮನ್ನೆಲ್ಲ ಇಳಿಸಿ ಗಾಡಿ ಖಾಲಿ ಮಾಡಿಯಾಯಿತಲ್ಲ, ಇನ್ನೇನು ಖಾಲಿ ಅಂದುಕೊಂಡೆ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ ಎಂದೂ, ಘಾಸ್ತೆ ಎಂದರೆ ಉಜ್ಜುತ್ತದೆ ಎಂದೂ, ವಹಿನಿ ಎಂದರೆ ಅತ್ತಿಗೆ ಎಂದೂ ಆಮೇಲೆ ತಿಳಿಯಿತು. ನಮ್ಮ ಕಾರಿನ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ. ಜನ ಕೂತರೆ ಇನ್ನಷ್ಟು ಕುಗ್ಗಿ, ಹಂಪು ಬಂದಲ್ಲೆಲ್ಲ ಕೆಳಗೆ ಗರ್ ಎಂದು ಉಜ್ಜುತ್ತಿತ್ತು. ಆದ್ದರಿಂದ ಆ ಮನೆಯಲ್ಲಿ ಹಂಪು ಬಂದರೆ ಇಳಿಯುವುದು ರೂಢಿ.

ಮೈಸೂರಿನಲ್ಲಿ ನಾನು ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ನಲವತ್ತು ದಾಟುವವರೆಗೆ ಮದುವೆಯ ಯೋಚನೆ ಬಂದಿರಲಿಲ್ಲ, ಅಥವಾ ಬಂದಾಗಲೆಲ್ಲ ಬೇರೇನೋ ಕೆಲಸ ಅಡ್ಡ ಬಂದಿತ್ತು. ಅಕ್ಕನಿಗೆ ಪರಿಚಯದವರ ಮೂಲಕ ಸುಧೀರರ ವಿಷಯ ತಿಳಿಯಿತು. ಅವರ ತಂದೆ ವಿಜಯಪುರದ ಕಡೆಯಿಂದ ಕೆಲಸಕ್ಕೆಂದು ಪುಣೆಗೆ ಬಂದು ಅಲ್ಲೇ ನೆಲೆಸಿದವರು. ಸುಧೀರ್ ಚಾಕಣ್‌ನಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಹೆಂಡತಿ ವಿದ್ಯಾ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗಳು ಮುಕ್ತಾಗೆ ಹದಿನೈದು. ಅವರು ಮೈಸೂರಿಗೆ ಬಂದು ನನ್ನ ಜೊತೆ ಅರ್ಧ ದಿನ ಕೂತು ಮಾತಾಡಿದರು. ಹೆಚ್ಚಿನ ಹೊತ್ತು ಇಬ್ಬರೂ ಸುಮ್ಮನೇ ಇದ್ದೆವು, ಆದರೆ ಆ ಸುಮ್ಮನಿರುವುದು ನನಗೆ ಹಿಡಿಸಿತು.

ನಮ್ಮ ಕಡೆ ಹೆಂಡತಿ ಗಂಡನನ್ನು "ರೀ" ಅಂತ ಕರೆಯುತ್ತಾಳೆ. ಇಲ್ಲಿ ಗಂಡನೇ ನನಗೆ "ಚಹಾ ಕುಡೀರಿ", "ತ್ರಾಸ ಆತೇನ್ರಿ" ಅನ್ನುತ್ತಿದ್ದರು. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಅವರು "ಅದ" ಅಂದರೆ ನಾನು "ಇದೆ" ಅನ್ನುತ್ತಿದ್ದೆ. ಅವರ "ಭಾಳ" ನನ್ನ "ತುಂಬಾ". ಒಂದೇ ಭಾಷೆಯ ಇಬ್ಬರು ಹೀಗೆ ಎಚ್ಚರದಿಂದ ಮಾತಾಡುತ್ತಿರುವಾಗ, ಮುಕ್ತಾ ಪಕ್ಕದಲ್ಲಿ ಕೂತು ಅಪ್ಪನ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಅವಳಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನನ್ನೆದುರು ಆಡುತ್ತಿರಲಿಲ್ಲ, ಅಷ್ಟೆ.

ವಿಮಾನ ನಗರದ ಒಂದು ಔಷಧಿ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಮರಾಠಿ ನನಗೆ ಮೊದಲು ಬಂದದ್ದು ಕಾಯಿಲೆಗಳ ಮೂಲಕ. ಹೊಟ್ಟೆ ತೊಳಸುವುದಕ್ಕೆ ಇಲ್ಲಿಯವರು "ಪೋಟಾತ್ ಮಳ್ಮಳ್ತಂಯ್" ಅನ್ನುತ್ತಾರೆ. ಆ ಮಾತು ಕೇಳಿದರೇ ಹೊಟ್ಟೆಯೊಳಗೆ ಏನೋ ಹೊರಳಿದ ಹಾಗಾಗುತ್ತದೆ. ಮೊದಲ ಸಲ ಒಬ್ಬ ಅಜ್ಜಿ ಹೀಗೆ ಹೇಳಿದಾಗ, ಯಾರನ್ನೂ ಕೇಳದೆ ಸರಿಯಾದ ಮಾತ್ರೆ ತೆಗೆದುಕೊಟ್ಟೆ. ಅಂದು ಮನೆಗೆ ಬರುವಾಗ ಊರು ಗೆದ್ದ ಹಾಗಿತ್ತು. ಅಡುಗೆಯಲ್ಲಿ ಗೆಲುವು ಇನ್ನೂ ನಿಧಾನವಾಗಿ ಬಂತು. ನಾನು ಮಾಡುವ ಸಾರು ಮುಕ್ತಾಗೆ ಹುಳಿ. ಅವಳು ಹೊರಗೆ ಇಷ್ಟಪಟ್ಟು ತಿನ್ನುವ ಆಮ್ಟಿ, ಅಂದರೆ ಇಲ್ಲಿಯ ಬೇಳೆ ಸಾರು, ನನಗೆ ಪಾಯಸದ ನೆಂಟ. ಕೊನೆಗೆ ನನ್ನ ಸಾರಿಗೆ ಬೆಲ್ಲದ ಒಂದು ಚೂರು ಹೆಚ್ಚು ಬಿತ್ತು. ಅವಳು ಇನ್ನೊಂದು ಸೌಟು ಹಾಕಿಸಿಕೊಂಡಳು.

ಅಷ್ಟು ಹೊತ್ತಿಗೆ ಅವಳು ನನ್ನನ್ನು "ಕಾಕು" ಅನ್ನತೊಡಗಿದ್ದಳು. ಇಲ್ಲಿ ಓಣಿಯ ಎಲ್ಲ ಹೆಂಗಸರೂ ಮಕ್ಕಳಿಗೆ ಕಾಕುಗಳೇ, ನಮ್ಮಲ್ಲಿ ಆಂಟಿ ಎಂದ ಹಾಗೆ. ಕೆಳಗಿನ ಮನೆಯವರು ಕಾಕು, ಹೂ ಮಾರುವವರು ಕಾಕು, ನಾನೂ ಕಾಕು.

ಕಾರು ವಿದ್ಯಾ ಅವರದು. ಅವರು ತಮ್ಮ ಸಂಬಳದಲ್ಲಿ ತೆಗೆದುಕೊಂಡು, ಅದರಲ್ಲೇ ಓಡಿಸಲು ಕಲಿತಿದ್ದರಂತೆ. ನೀಲಿ ಬಣ್ಣದ, ಉದ್ದ ಮೂತಿಯ, ಹಿಂದೆ ಡಿಕ್ಕಿ ಇರುವ ಕಾರು. ಕೊಂಡಾಗಲೇ ತಗ್ಗು, ವರ್ಷ ಕಳೆದ ಹಾಗೆ ಸ್ಪ್ರಿಂಗುಗಳು ಕುಗ್ಗಿ, ತಳಕ್ಕೂ ನೆಲಕ್ಕೂ ಗೇಣಿಗಿಂತ ಕಡಿಮೆ ಅಂತರ ಉಳಿದಿತ್ತು. ನಾನು ಮೈಸೂರಿನಲ್ಲಿ ಸ್ಕೂಟರ್ ಓಡಿಸಿದವಳು. ಇಲ್ಲಿ ಡ್ರೈವಿಂಗ್ ಶಾಲೆಗೆ ಸೇರಿ ಲೈಸೆನ್ಸ್ ಮಾಡಿಸಿಕೊಂಡೆ. ಭಾನುವಾರ ಬೆಳಿಗ್ಗೆ ಖರಾಡಿಯ ಐಟಿ ಕಚೇರಿಗಳ ಸುತ್ತ ರಸ್ತೆ ಖಾಲಿ ಇರುತ್ತದೆ, ನಮ್ಮ ಅರ್ಥದ ಖಾಲಿ. ಅಲ್ಲಿ ಸುಧೀರ್ ಪಕ್ಕದಲ್ಲಿ ಕೂತು ನನಗೆ ಅಭ್ಯಾಸ ಮಾಡಿಸಿದರು. ವಿದ್ಯಾ ಇಟ್ಟಿದ್ದ ಸೀಟನ್ನು ಅವರು ಎಂದೂ ಸರಿಸಿರಲಿಲ್ಲ, ಕಾಲು ಮಡಚಿಕೊಂಡೇ ಓಡಿಸುತ್ತಿದ್ದರು. ಮೊದಲ ದಿನ ಡ್ರೈವರ್ ಸೀಟಿನಲ್ಲಿ ಕೂತು, ಸೀಟು ಹಿಂದೆ ಮುಂದೆ ಮಾಡಬೇಕೇನೋ ಎಂದು ಕಾಲು ಚಾಚಿ ನೋಡಿದೆ. ಪೆಡಲಿಗೆ ಪಾದ ಸರಿಯಾಗಿ ಸಿಕ್ಕಿತು. ಸುಧೀರ್ ಅದನ್ನು ನೋಡಿದರು. ಆಮೇಲೆ ಕಿಟಕಿಯಾಚೆ ತಿರುಗಿಕೊಂಡರು.

ನಮ್ಮ ಮನೆ ಖರಾಡಿಯಿಂದ ಆಚೆ, ನದಿಯ ಕಡೆಗೆ ಹೋಗುವ ಹೊಸ ಬಡಾವಣೆಯಲ್ಲಿದೆ. ಮುಖ್ಯ ರಸ್ತೆಯಿಂದ ಗೇಟಿನವರೆಗಿನ ದಾರಿಗೆ ಡಾಂಬರು ಬಿದ್ದಿರಲಿಲ್ಲ. ಬೇಸಿಗೆಯಲ್ಲಿ ಅದು ಬರೀ ಧೂಳು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗೊತ್ತಾಯಿತು, ನಾನು ಈವರೆಗೆ ಕಂಡದ್ದು ಕೆಸರೇ ಅಲ್ಲ ಎಂದು. ನಮ್ಮ ಕಡೆ ಕೆಂಪು ಮಣ್ಣು. ಕಾಲಿಗೆ ಅಂಟಿದರೂ ಒಂದು ತಂಬಿಗೆ ನೀರಿಗೆ ಬಿಟ್ಟುಹೋಗುತ್ತದೆ. ಇಲ್ಲಿಯದು ಎರೆಮಣ್ಣು. ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ. ಮುಕ್ತಾ ಅದನ್ನು ಚಿಖಲ್ ಅನ್ನುತ್ತಿದ್ದಳು, ಸುಧೀರ್ ರಾಡಿ ಅನ್ನುತ್ತಿದ್ದರು. ನನ್ನ "ಕೆಸರು" ಅವೆರಡರ ಮುಂದೆ ತೀರಾ ತೆಳುವಾಗಿ ಕೇಳುತ್ತಿತ್ತು.

ಆ ದಾರಿಯಲ್ಲಿ ಕಟ್ಟಡದ ಕೆಲಸದ ಟಿಪ್ಪರ್‌ಗಳು ಓಡಾಡಿ ಎರಡು ಆಳವಾದ ಗಾಡಿಜಾಡು ಬಿದ್ದಿದ್ದವು. ಎತ್ತರದ ಗಾಡಿಗಳು ಜಾಡಿನಲ್ಲಿ ಇಳಿದು ಸರಾಗವಾಗಿ ಹೋಗುತ್ತಿದ್ದವು. ನಮ್ಮ ಕಾರಿನ ಚಕ್ರ ಜಾಡಿಗಿಳಿದರೆ ಮಧ್ಯದ ದಿಬ್ಬ ನೇರವಾಗಿ ಹೊಟ್ಟೆಗೆ ತಾಗುತ್ತಿತ್ತು. ಒಂದು ಸಂಜೆ ಹೀಗೆ ಉಜ್ಜಿಕೊಂಡೇ ಮನೆ ಸೇರಿದ ಮೇಲೆ ಸುಧೀರ್, "ಗಣಪತಿ ಹಬ್ಬ ಆಗಲಿ, ಇದನ್ನ ಮಾರಿ ಎತ್ತರದ ಗಾಡಿ ತಗೊಳ್ಳೋಣು. ನಿಮಗ ಭಾಳ ತ್ರಾಸ ಆಗ್ತದ" ಅಂದರು.

ಮುಕ್ತಾ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಜೋರಾಗಿಯೇನೂ ಇರಲಿಲ್ಲ. ಆದರೆ ಮರುದಿನದಿಂದ ಕಾಕು ಅನ್ನುವುದೂ ನಿಂತುಹೋಯಿತು. ತಾಯಿಯ ಕಾರು ಮಾರಿಸುತ್ತಿರುವವಳು ನಾನೇ ಎಂದು ಅವಳಿಗೆ ಅನ್ನಿಸಿರಬೇಕು. ನಾನು ಮಾರಲು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಬೇಡ ಎನ್ನುವ ಹಕ್ಕು ನನಗಿದೆಯೇ ಎಂಬುದೇ ಗೊತ್ತಿರಲಿಲ್ಲ. ಆ ವಾರ ಮೈಸೂರಿನ ನೆನಪು ತುಂಬಾ ಬಂತು. ಅಲ್ಲಿ ನಾನು ಯಾರ ಜಾಗದಲ್ಲೂ ಕೂತಿರಲಿಲ್ಲ.

ಮುಕ್ತಾ ಖೋ ಖೋ ಆಡುತ್ತಾಳೆ. ಆಗಸ್ಟಿನ ಒಂದು ಶನಿವಾರ ಹಡಪಸರದಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಒಳಾಂಗಣದಲ್ಲಿ, ಮ್ಯಾಟಿನ ಮೇಲೆ ಆಡುವುದು. ಹಾಗಾಗಿ ಮಳೆಯೆಂದು ನಿಲ್ಲುವಂತಿರಲಿಲ್ಲ. ಸುಧೀರ್ ಮೊದಲ ಪಾಳಿಗೆ ಕಂಪನಿ ಬಸ್ಸು ಹಿಡಿದು ಹೋಗಿಯಾಗಿತ್ತು. ಅವಳು ಕ್ಯಾಬ್ ಕರೆಯುತ್ತಲೇ ಇದ್ದಳು. ಬಂದವರೆಲ್ಲ ಮುಖ್ಯ ರಸ್ತೆಯಲ್ಲೇ ನಿಂತು, "ಆತ್ ಯೇಣಾರ್ ನಾಹಿ", ಒಳಗೆ ಬರುವುದಿಲ್ಲ, ಎಂದು ರದ್ದು ಮಾಡಿ ಹೋಗುತ್ತಿದ್ದರು. ನಡೆದುಹೋದರೆ ಮೊಳಕಾಲವರೆಗೆ ಕೆಸರು. ಬೂಟು, ಬಟ್ಟೆ ಎಲ್ಲ ಹಾಳು. ಅವಳು ಬಾಲ್ಕನಿಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

"ನಾನು ಬಿಡ್ತೀನಿ ಬಾ" ಅಂದೆ.

ಅವಳು ನನ್ನನ್ನೂ ಹೊರಗಿನ ಮಳೆಯನ್ನೂ ನೋಡಿದಳು. ಬ್ಯಾಗು ಎತ್ತಿಕೊಂಡಳು.

ಒಂದು ಕಡೆಯ ಚಕ್ರ ಮಧ್ಯದ ದಿಬ್ಬದ ಮೇಲೆ, ಇನ್ನೊಂದು ಕಡೆಯದು ಅಂಚಿನ ಮೇಲೆ ಇಟ್ಟು ಹೋಗಬೇಕೆಂದು ಸುಧೀರ್ ಹೇಳಿಕೊಟ್ಟಿದ್ದರು. ಅರ್ಧ ದಾರಿ ಹಾಗೆಯೇ ಹೋದೆ. ಕಾರ್ಮಿಕರ ತಗಡಿನ ಶೆಡ್ಡುಗಳ ಹತ್ತಿರ ಬಂದಾಗ ಹಿಂದಿನ ಚಕ್ರ ಜಾರಿತು. ಇಡೀ ಕಾರು ಮೆಲ್ಲಗೆ, ಎಮ್ಮೆ ನೀರಿಗಿಳಿದ ಹಾಗೆ, ಜಾಡಿಗೆ ಇಳಿದು ಕೂತುಬಿಟ್ಟಿತು. ಆ್ಯಕ್ಸಿಲರೇಟರ್ ಒತ್ತಿದೆ. ಎಂಜಿನ್ ಕೂಗಿತು, ಕಿಟಕಿಗೆಲ್ಲ ಕೆಸರು ರಾಚಿತು, ಕಾರು ಮಾತ್ರ ಅಲ್ಲಾಡಲಿಲ್ಲ.

"ಒತ್ತಬ್ಯಾಡ್ರಿ" ಅಂದಳು ಮುಕ್ತಾ. ನನಗೆಂದೇ ಅವಳು ಆಡಿದ ಮೊದಲ ಕನ್ನಡ. "ಒತ್ತಿದಷ್ಟೂ ಒಳಗ ಹೋಗ್ತದ. ಹೊಟ್ಟಿ ಮ್ಯಾಲೆ ಕೂತದ ಅದು. ಚಕ್ರ ಸುಮ್ನ ತಿರಗಾಕತ್ತಾವ, ನೆಲ ಹಿಡಿಯೂದಿಲ್ಲ."

"ನಿನಗೆ ಹೇಗೆ ಗೊತ್ತು?"

"ಆಯಿ ಹೇಳಿದ್ಳು" ಅಂದಳು. ಆಯಿ ಎಂದರೆ ಇಲ್ಲಿ ತಾಯಿ, ಬಾಬಾ ಎಂದರೆ ಅಪ್ಪ. "ನಾ ಸಣ್ಣಾಕಿದ್ದಾಗ ಹಿಮಾಚಲಕ್ಕ ಹೋಗಿದ್ವಿ. ಅಲ್ಲಿ ಬಾಡಿಗಿ ಕಾರು, ಇಷ್ಟ ತಗ್ಗು ಇತ್ತು. ಬರ್ಫ್‌ನ್ಯಾಗ ಸಿಕ್ಕೊಂತು. ಹಿಮ ಮೆತ್ತಗ ಕಾಣಸ್ತದ, ಆದ್ರ ಗಾಡಿ ಕೆಳಗ ತುಂಬಿ ಒತ್ತಿ ಗಟ್ಟಿ ಆಗ್ತದ. ಗಾಡಿ ಅದರ ಮ್ಯಾಲೆ ಕೂತ್ಬಿಡ್ತದ. ಬಾಬಾ ಭಾಳ ಹೆದರಿದ್ರು, ಎಂಜಿನ್ ಜೋರು ಮಾಡ್ಲಿಕ್ಕೆ ಹತ್ತಿದ್ರು. ಆಯಿ ಅವ್ರನ್ನ ಇಳಿಸಿ ತಾನ ಕೂತ್ಳು. ನಾವಿಬ್ರೂ ಕೆಳಗಿನ ಹಿಮ ಕೈಲೆ ಕೆದರಿ ತಗದ್ವಿ. ಆಮ್ಯಾಲೆ ಆಕಿ ಸಾವಕಾಶ ಮುಂದ, ಸಾವಕಾಶ ಹಿಂದ... ತೊಟ್ಟಿಲು ತೂಗಿದಂಗ. ಹೊರಗ ಬಂತು."

ವಿದ್ಯಾ ಬಗ್ಗೆ ಮುಕ್ತಾ ನನಗೆ ಹೇಳಿದ ಮೊದಲ ಮಾತು ಅದು. ಹಿಮವನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಆ ಬಿಳಿಯ ಮಧ್ಯೆ ಸ್ಟೀರಿಂಗ್ ಹಿಡಿದು ಕೂತ ಆ ಹೆಂಗಸು ನನಗೆ ಸ್ಪಷ್ಟವಾಗಿ ಕಂಡರು. ಅವರ ಬಗ್ಗೆ ಈವರೆಗೆ ಗೋಡೆಯ ಮೇಲಿನ ಫೋಟೋ ಒಂದೇ ನನಗೆ ಗೊತ್ತಿತ್ತು.

"ಹಾಗಾದರೆ ನಾವೂ ಕೆದರೋಣ" ಎಂದು ಇಳಿದೆ. ಬೂಟು ಹಾಳಾದೀತು, ನೀನು ಒಳಗೇ ಇರು ಅಂದೆ. ಅವಳು ಬೂಟು ಬಿಚ್ಚಿ ಸೀಟಿನ ಮೇಲಿಟ್ಟು, ಪ್ಯಾಂಟು ಮಡಚಿ ಬರಿಗಾಲಲ್ಲಿ ಇಳಿದಳು.

ನಾವು ಕೈಯಿಂದ ಮಣ್ಣು ಕೀಳುವ ಅಂದ ನೋಡಿಯೋ ಏನೋ, ಶೆಡ್ಡಿನಿಂದ ಮೂವರು ಹೆಂಗಸರು ಗೋಣಿಚೀಲ ತಲೆಗೆ ಹಾಕಿಕೊಂಡು ಹೊರಗೆ ಬಂದರು. ನಾನು ಹರಕು ಮರಾಠಿಯಲ್ಲಿ ಸಹಾಯ ಕೇಳುತ್ತಾ, ಮಧ್ಯೆ ಕಾಲು ಜಾರಿ "ಅಯ್ಯೋ ಅಮ್ಮ" ಅಂದೆ. ಅವರಲ್ಲಿ ಹಿರಿಯಳಾದವಳು ನಿಂತು, "ಕನ್ನಡದೋರೇನ್ರಿ ಅಕ್ಕಾರ?" ಅಂದಳು.

"ಹೌದು. ಮೈಸೂರು."

"ನಮ್ದು ಯಾದಗಿರಿ ಕಡಿ ರೀ. ಇಷ್ಟ ದಿನ ಇದ ದಾರ್‍ಯಾಗ ಹೋಗ್ತೀರಿ, ಒಂದ ಮಾತ ಆಡಲಿಲ್ಲ ನೋಡ್ರಿ."

ಅವಳ ಹೆಸರು ಶರಣಮ್ಮ. ಅವಳ ಮಾತಿಗೆ ನಾನು ನಾಚಿದೆ, ಅಷ್ಟೇ ಸಂತೋಷವೂ ಆಯಿತು. ಅವರು ಸಲಿಕೆ ತಂದು ಕಾರಿನ ಕೆಳಗಿನ ಮಣ್ಣು ತೆಗೆದರು. ಮುಂದಿನ ಚಕ್ರಗಳ ಬುಡಕ್ಕೆ ಇಟ್ಟಿಗೆಯ ಚೂರು ತುಂಬಿದರು. ಮುಕ್ತಾ ಅವರ ಜೊತೆ ಬಾಗಿ, "ಇಲ್ಲಿ ಇನ್ನಾ ಸ್ವಲ್ಪ ತಗೀರಿ, ಇಲ್ಲೇ ತಾಗ್ತದ" ಎಂದು ತೋರಿಸುತ್ತಿದ್ದಳು. ಅವಳು ಹೊರಗಿನವರ ಜೊತೆ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಸ್ಟೀರಿಂಗ್ ಹಿಡಿದೆ. ಸಾವಕಾಶ ಮುಂದೆ, ಸಾವಕಾಶ ಹಿಂದೆ. ಹೊರಗೆ ನಾಲ್ಕು ಜನ ಒತ್ತುತ್ತಿದ್ದರು. ಹೊಟ್ಟೆಯಡಿಯಲ್ಲಿ ಏನೋ ಕಿತ್ತ ಸದ್ದಾಯಿತು, ಕಾರು ಚಂಗನೆ ಮುಂದಕ್ಕೆ ಎದ್ದು ಗಟ್ಟಿ ನೆಲದ ಮೇಲೆ ನಿಂತಿತು. ಸೈಲೆನ್ಸರ್ ಒಂದು ಕಡೆ ಕಳಚಿ ಜೋತಾಡುತ್ತಿತ್ತು. ಶರಣಮ್ಮ ಕಟ್ಟಡದ ಕಬ್ಬಿಣ ಕಟ್ಟುವ ತಂತಿ ತಂದು ಬಿಗಿದು ಕಟ್ಟಿದಳು. "ಹೋಗಿ ಬರ್ರಿ, ಹುಡುಗಿಗಿ ತಡಾ ಆಗ್ತದ" ಅಂದಳು.

ಮುಂಢ್ವಾ ದಾಟಿ ಹಡಪಸರದವರೆಗೂ ಕಾರು ಟ್ರ್ಯಾಕ್ಟರಿನ ಹಾಗೆ ಗುಡುಗುತ್ತಾ ಹೋಯಿತು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವರೆಲ್ಲ ತಿರುಗಿ ನೋಡಿದರು. ಮುಕ್ತಾ ಮೊದಲು ತಲೆ ತಗ್ಗಿಸಿ ಕೂತಿದ್ದಳು, ಆಮೇಲೆ ನಗು ತಡೆಯಲಾಗದೆ ಮುಖ ಮುಚ್ಚಿಕೊಂಡಳು. ನನಗೂ ನಗು ಬಂತು. ಮಳೆಯಿಂದ ಬೇರೆ ಹುಡುಗಿಯರೂ ತಡವಾಗಿದ್ದರು, ಆಯ್ಕೆ ಆಗತಾನೇ ಶುರುವಾಗಿತ್ತು. ಅವಳು ನಲ್ಲಿಯಲ್ಲಿ ಕಾಲು ತೊಳೆದು, ನೆನೆಯದ ಬೂಟು ಹಾಕಿಕೊಂಡು ಒಳಗೆ ಓಡಿದಳು.

ಅವಳು ಚೆನ್ನಾಗಿ ಆಡಿದಳು. ಆದರೂ ತಂಡದಲ್ಲಿ ಹೆಸರು ಬರಲಿಲ್ಲ. ಅವಳಿಗಿಂತ ಚುರುಕಾದವರಿದ್ದರು, ಅದು ನನ್ನ ಕಣ್ಣಿಗೂ ಕಾಣುತ್ತಿತ್ತು. ಹೊರಗೆ ಬಂದು ಇಬ್ಬರೂ ವಡಾಪಾವ್ ತಿಂದೆವು. ಅವಳು ಹಸಿಮೆಣಸಿನಕಾಯಿ ಕಚ್ಚಿ, "ಮುಂದಿನ ವರ್ಷ ನೋಡೂಣು" ಅಂದಳು. ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿಯದೋ ಏನೋ. ಮರಳಿ ಬರುವಾಗ ಕಾರನ್ನು ಮುಖ್ಯ ರಸ್ತೆಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಆ ರಾಡಿಯಲ್ಲಿ ನಡೆದೆವು. ನಾನು ಜಾರುತ್ತೇನೆಂದು ಅವಳು ನನ್ನ ಮೊಳಕೈ ಹಿಡಿದುಕೊಂಡಿದ್ದಳು. ಗೇಟು ಬರುವವರೆಗೂ ಬಿಡಲಿಲ್ಲ.

ಸಂಜೆ ಸುಧೀರ್ ಬಂದಾಗ ಸುದ್ದಿ ಕೇಳಿ ಸುಸ್ತಾಗಿ ಕೂತರು. "ಇನ್ನ ಸಾಕು. ಹಬ್ಬದ ತನಕಾನೂ ಬ್ಯಾಡ. ನಾಳೆನ ಮಾರಲಿಕ್ಕೆ ಹೇಳ್ತೀನಿ."

"ಮಾರೋದು ಬೇಡ" ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ಎತ್ತರ ಮಾಡೋಕಾಗುತ್ತಾ ಗ್ಯಾರೇಜಿನಲ್ಲಿ ಕೇಳೋಣ."

ಅವರು, "ರಾಡಿದು ಒಂದ ನೆಪ ರೀ" ಅಂದರು. "ಆಕಿ ಸೀಟಿನ್ಯಾಗ ಕೂತು ಓಡಸೂದು ನಿಮಗ ಹೆಂಗ ಅನಸ್ತದೋ ಅಂತ... ನೀವು ಬಾಯಿ ಬಿಟ್ಟು ಹೇಳೂ ಪೈಕಿ ಅಲ್ಲ."

"ಆ ಸೀಟು ನನಗೆ ಸರಿಯಾಗಿದೆ. ಒಂದು ಚೂರೂ ಹಿಂದೆ ಮುಂದೆ ಮಾಡಬೇಕಾಗಿಲ್ಲ. ಅವರದೂ ನನ್ನದೂ ಒಂದೇ ಎತ್ತರ ಇರಬೇಕು."

"ಹೌದು" ಅಂದರು ಸುಧೀರ್. "ಒಂದ ಎತ್ತರ." ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಬಾಗಿಲ ಬಳಿ ಮುಕ್ತಾ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ.

ಭಾನುವಾರ ಮೂವರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ತಳ ತೋರಿಸಿದ. ಉದ್ದಕ್ಕೂ ಗೀರುಗಳು, ವರ್ಷಗಟ್ಟಲೆಯ ಹಂಪುಗಳ ಗುರುತು. ಕುಗ್ಗಿದ ಸ್ಪ್ರಿಂಗುಗಳನ್ನು ಬದಲಿಸಿ, ಸುರುಳಿಯ ನಡುವೆ ರಬ್ಬರಿನ ಗುಂಡುಗಳನ್ನು ಕೂರಿಸಿದರೆ ಎರಡು ಬೆರಳಿನಷ್ಟು ಎತ್ತರ ಬರುತ್ತದೆ. ಅದಕ್ಕಿಂತ ಹೆಚ್ಚು ಮಾಡಿದರೆ ತಿರುವಿನಲ್ಲಿ ಗಾಡಿ ಓಲಾಡುತ್ತದೆ ಎಂದ. ಸುಧೀರ್ ಮಗಳ ಮುಖ ನೋಡಿದರು.

ಮುಕ್ತಾ ಬಗ್ಗಿ ಆ ಗೀರುಗಳ ಮೇಲೆ ಬೆರಳಾಡಿಸಿದಳು. "ಆಮ್ಯಾಲೆ ಬ್ಯಾಡ ಅನಿಸಿದ್ರ ಆ ರಬ್ಬರ್ ತಗೀಲಿಕ್ಕೆ ಬರ್ತದ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಹಿಂದಿಯಲ್ಲಿ ಮೆಕ್ಯಾನಿಕ್‌ನನ್ನು ಕೇಳಿದರು. ಯಾವಾಗ ಬೇಕಾದರೂ ತೆಗೆಯಬಹುದು ಎಂದ.

"ಹಂಗಾದ್ರ ಹಾಕಲಿ" ಅಂದಳು.

ಅಷ್ಟೇ ಅವಳಿಗೆ ಬೇಕಿದ್ದದ್ದು. ಹೊಸತು ಬರಲಿ, ಆದರೆ ಹಳೆಯದಕ್ಕೆ ಮರಳುವ ದಾರಿ ಮುಚ್ಚದಿರಲಿ. ಮದುವೆಯಾಗಿ ಬಂದ ದಿನದಿಂದ ನನಗೂ ಬೇಕಿದ್ದದ್ದು ಅದೇ.

ಡಿಸೆಂಬರಿನ ರಜೆಯಲ್ಲಿ ಅದೇ ಕಾರಿನಲ್ಲಿ ಮೈಸೂರಿಗೆ ಹೊರಟೆವು, ಸುಧೀರ್ ಮತ್ತು ನಾನು ಸರದಿಯಲ್ಲಿ ಓಡಿಸುತ್ತಾ. ನಿಪ್ಪಾಣಿ ಬಂದ ಮೇಲೆ ಬೋರ್ಡುಗಳು ಕನ್ನಡಕ್ಕೆ ತಿರುಗಿದವು. ಮುಕ್ತಾ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದಳು. ತಪ್ಪಿದಲ್ಲಿ ನಾನು ತಿದ್ದುತ್ತಿದ್ದೆ. ತಿದ್ದುವಾಗ ನನ್ನ ಬಾಯಿಂದ ಮರಾಠಿಯೇ ಬರುತ್ತಿತ್ತು. ಸುಧೀರ್ ನಕ್ಕಾಗಲೇ ನನಗದು ತಿಳಿದದ್ದು.

ಅಕ್ಕ ಬಾಗಿಲಲ್ಲೇ ಮುಕ್ತಾಳ ಕೈ ಹಿಡಿದು, "ನನ್ನ ದೊಡ್ಡಮ್ಮ ಅನ್ನು" ಅಂದಳು. ಮುಕ್ತಾ ನನ್ನ ಕಡೆ ತಿರುಗಿ, "ದೊಡ್ಡಮ್ಮ ಅಂದ್ರ?" ಎಂದು ಕೇಳಿದಳು. ತಾಯಿಯ ಅಕ್ಕ ಎಂದು ಹೇಳಲು ನನ್ನ ನಾಲಿಗೆ ತಡವರಿಸಿತು. ಹೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, "ದೊಡ್ಡಮ್ಮ, ನೀರು ಬೇಕಾಗಿತ್ತು" ಅಂದಳು. ಕೆಸರಿನ ಆ ದಿನದ ಮೇಲೆ ನಾನು ಅವಳಿಗೆ ಮತ್ತೆ ಕಾಕುವಾಗಿದ್ದೆ, ಇಂದಿಗೂ ಕಾಕುವೇ. ಆದರೆ ಆ ಮನೆಯಲ್ಲಿದ್ದಷ್ಟು ದಿನವೂ ಅವಳು ಅಕ್ಕನನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

ಮೈಸೂರಿನಲ್ಲಿ ಎಲ್ಲವೂ ನಾನು ಬಿಟ್ಟುಹೋದ ಹಾಗೆಯೇ ಇತ್ತು. ಅಗಲ ರಸ್ತೆ, ನಿಧಾನದ ಜನ, ಹುಳಿ ಸಾರು. ಅದೇ ಸಾರನ್ನು ಬಾಯಿಗಿಟ್ಟು, ಒಂದು ಚೂರು ಬೆಲ್ಲ ಬೇಕಿತ್ತು ಅಂದುಕೊಂಡೆ. ಹಾಗೆ ಅನ್ನಿಸಿತಲ್ಲ ಎಂದು ಬೇಜಾರೂ ಆಯಿತು. ಹಳೆಯ ಆಸ್ಪತ್ರೆಗೆ ಹೋಗಿ ಬಂದೆ. ನನ್ನ ಕೌಂಟರಿನಲ್ಲಿ ಬೇರೊಬ್ಬಳಿದ್ದಳು, ನನ್ನ ಹಾಗೆಯೇ ಪೆನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದಳು. ಒಳ್ಳೆಯ ಹುಡುಗಿ. ಹೊರಗೆ ಬಂದಾಗ, ಈಗ ಶರಣಮ್ಮನ ಶೆಡ್ಡಿನ ಮುಂದಿನ ದಾರಿ ಒಣಗಿ ಗಟ್ಟಿಯಾಗಿರಬೇಕು ಎಂದು ಸುಮ್ಮನೆ ನೆನಪಾಯಿತು.

ಒಂದು ಮಧ್ಯಾಹ್ನ ಅಕ್ಕನೂ ನಾನೂ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಹೊರಗೆ ಮುಕ್ತಾ ಕಾರು ತೊಳೆಯುತ್ತಾ ಸುಧೀರ್ ಜೊತೆ ಏನೋ ವಾದ ಮಾಡುತ್ತಿದ್ದಳು, ಅರ್ಧ ಕನ್ನಡ ಅರ್ಧ ಮರಾಠಿ. ಅಕ್ಕ ಕೈಯಲ್ಲಿದ್ದ ಕಾಯಿಯ ಸಿಪ್ಪೆ ಸುಲಿಯುತ್ತಲೇ, ತಲೆ ಎತ್ತದೆ ಕೇಳಿದಳು:

"ಕಾಳು ಕಟ್ಟಿಕೊಡಬೇಕು ನಿನಗೆ. ಯಾವತ್ತು ಊರಿಗೆ ಹೊರಡೋದು ನೀವು?"

ಊರಿಗೆ. ನಾನು ಹುಟ್ಟಿ ಬೆಳೆದ ಊರಿನಲ್ಲಿ ಕೂತು, ನನ್ನ ಅಕ್ಕ ನನ್ನನ್ನು ಕೇಳಿದ್ದು. ಅವಳಿಗೆ ತಾನು ಏನಂದೆ ಎಂಬುದು ತಿಳಿದಿರಲಿಲ್ಲ. ಅವಳ ಬೆರಳು ಆಗಲೇ ಮುಂದಿನ ಕಾಯಿ ಹುಡುಕುತ್ತಿತ್ತು.

"ಭಾನುವಾರ" ಅಂದೆ. ಬಿಡಿಸಿದ ಕಾಳನ್ನು ಅವಳ ಮೊರಕ್ಕೆ ಸುರಿದು, ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡೆ.